ಖಾಲಿ ಕುರ್ಚಿಗೊಂದು ಘೋಷಣೆ

ಇದು ಕಟ್ಟುಕತೆಯಲ್ಲ, ನಡೆದದ್ದು. ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು.

ಆಫೀಸಿನವರೆಲ್ಲ ‘ಸ್ಪೀಕರ್’ ಎಂದು ಕರೆಯುವ ಗುಮಾಸ್ತನಿಗೆ ಕಂಡಕಂಡವರ ದನಿ ಅನುಕರಿಸುವ ಚಟ. ಆ ದಿನ ಅವನು ಮಾವನವರನ್ನು ರೈಲು ಹತ್ತಿಸಲು ಬಂದಿದ್ದ. ಎರಡು ದಿನಕ್ಕೆಂದು ಬಂದ ಹೆಂಡತಿಯ ಅಪ್ಪ ತಿಂಗಳಾದರೂ ಅಲುಗಿರಲಿಲ್ಲ; ಅಳಿಯನ ಹಾಸಿಗೆ ಅಡುಗೆಮನೆಗೆ ವರ್ಗವಾಗಿತ್ತು. ಇವತ್ತು ಗಾಡಿ ತಪ್ಪಿದರೆ ಮುಂದಿನ ಟಿಕೆಟ್ಟು ಯಾವ ಕಾಲಕ್ಕೋ!

ಮಾವನವರನ್ನು ಒಂದನೇ ಪ್ಲಾಟ್‌ಫಾರಮ್ಮಿನ ಗಾಡಿಯಲ್ಲಿ ಕಿಟಕಿ ಪಕ್ಕ ಕೂರಿಸಿದ.

“ಹೊರಡೋವರೆಗೂ ನಿಂತಿರ್ಬೇಡಿ ಅಳಿಯಂದ್ರೇ. ಹೋಗಿ ಏನಾದ್ರೂ ತಿನ್ನಿ.”

ಸ್ಪೀಕರ್ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

ಆ ಹಳೆಯ ನಿಲ್ದಾಣದ ಒಳಗೇ ಒಂದು ಪೇಟೆ. ಅರಮನೆಯಂಥ ಗುಮ್ಮಟ, ಬಣ್ಣದ ಗಾಜು, ಕೆಳಗೆ ಸಾಲು ಅಂಗಡಿ. ಬಿಡುಗಡೆಯ ಖುಷಿಯಲ್ಲಿ ಹೊಸ ಹ್ಯಾಟು ಕೊಂಡ. ಅದು ಕಿವಿ ದಾಟಿ ಇಳಿದು, ತಲೆಗೆ ತಪ್ಪಲೆ ಬೋರಲು ಹಾಕಿದಂತಾಯಿತು. ಆಮೇಲೆ ಒಂದು ಕೈಗೆ ಕಾಫಿ, ಇನ್ನೊಂದಕ್ಕೆ ಕೆನೆ ತುಂಬಿದ ಕೇಕು. ಕೂರೋಣವೆಂದರೆ ಒಂದೂ ಕುರ್ಚಿ ಖಾಲಿಯಿಲ್ಲ.

ಗಂಟಲು ತುರಿಸಿತು. ಕಂಬದ ಮರೆಗೆ ಸರಿದು, ಮೂಗಿನಿಂದ ರಾಗ ಎಳೆದ: “ಪ್ರಯಾಣಿಕರ ಗಮನಕ್ಕೆ! ಎಲ್ಲ ಗಾಡಿಗಳೂ ಈ ದಿನ ಮೂರನೇ ಪ್ಲಾಟ್‌ಫಾರಮ್ಮಿನಿಂದಲೇ ಹೊರಡಲಿವೆ!”

ಹತ್ತು ಜನರಿಗೆಂದು ಬಿಟ್ಟ ದನಿಯನ್ನು ಗುಮ್ಮಟ ಊರಿಗೆಲ್ಲ ಹಂಚಿತು. ಜನ ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದರು. ಕುರ್ಚಿಗಳೆಲ್ಲ ಖಾಲಿ! ಸ್ಪೀಕರ್ ಇನ್ನೇನು ಕೂರಬೇಕು, ಒಬ್ಬ ಅಜ್ಜಿ ತೋಳು ಹಿಡಿದರು.

“ಕೂಗಿದ್ದು ಕೇಳಿಸ್ಲಿಲ್ವೇನಪ್ಪಾ? ಕೇಕು ಆಮೇಲೆ ತಿನ್ನುವೆಯಂತೆ, ಈ ಟ್ರಂಕು ಹಿಡಿ!”

ಕಾಫಿ ಅಲ್ಲೇ ಬಿಟ್ಟು, ಟ್ರಂಕು ಹೆಗಲಿಗೇರಿಸಿ, ಕೇಕು ಹಲ್ಲಲ್ಲಿ ಕಚ್ಚಿ ಓಡಿದ. ‘ಮೊದಲು ನನ್ನ ಬಾಯಿಗೆ ಬೀಗ ಹಾಕಿಸಬೇಕು’ ಎಂದು ತನ್ನನ್ನೇ ಬೈದುಕೊಂಡು ಮೂರನೆಯದನ್ನು ಮುಟ್ಟುವಷ್ಟರಲ್ಲಿ ಅಸಲಿ ಸ್ಪೀಕರು ಗುಡುಗಿತು: “ಯಾವ ಬದಲಾವಣೆಯೂ ಇಲ್ಲ!”

“ಹಾಗಾದ್ರೆ ವಾಪಸ್ ನಡಿ,” ಎಂದರು ಅಜ್ಜಿ.

ಅವರನ್ನು ಗಾಡಿ ಹತ್ತಿಸಿ ಬಂದರೆ ಕುರ್ಚಿಗಳೆಲ್ಲ ಮತ್ತೆ ಭರ್ತಿ. ಅವನ ಕಾಫಿಯನ್ನು ಯಾರೋ ಕುಡಿದೂ ಆಗಿತ್ತು. ಹೋಗಲಿ, ಒಂದನೇ ಪ್ಲಾಟ್‌ಫಾರಮ್ಮಿನ ಗಾಡಿ ಸೀಟಿ ಹಾಕಿ ಹೊರಟಿತ್ತು! ಸ್ಪೀಕರ್ ಅರ್ಧ ಕೇಕನ್ನೇ ಎತ್ತಿ ಅದಕ್ಕೆ ಟಾಟಾ ಮಾಡಿದ.

ಹೆಗಲ ಮೇಲೊಂದು ಕೈ ಬಿತ್ತು.

“ಮಾ... ಮಾವ! ಇಳಿದುಬಿಟ್ರಾ? ಆ ಅನೌನ್ಸ್‌ಮೆಂಟು ಸುಳ್ಳು ಮಾವ!”

“ಗೊತ್ತು ಬಿಡ್ರೀ. ತಿಂಗಳಿಂದ ನಿಮ್ಮ ಸ್ನಾನದ ಮನೆಯಿಂದ ದಿನಾ ಕೇಳಿದ ದನಿ, ಗುರುತು ಸಿಗಲ್ವೇ?”

“ಮತ್ತೆ ಇಳಿದಿದ್ದು ಯಾಕೆ?”

“ಮಾವ ಹೋಗಬಾರದು ಅಂತ ಇಡೀ ಸ್ಟೇಷನ್ನೇ ಓಡಿಸಿದ್ರಲ್ಲ, ಅಂಥ ಅಳಿಯನ ಮನಸ್ಸು ನೋಯಿಸೋಕಾಗುತ್ತಾ? ‘ಇದ್ದುಬಿಡಿ’ ಅಂತ ಬಾಯಿಬಿಟ್ಟು ಹೇಳೋಕೆ ಅಷ್ಟು ನಾಚಿಕೆನಾ? ಮಗಳಿಗೂ ಫೋನ್ ಮಾಡಿ ಹೇಳ್ಬಿಟ್ಟೆ!”

ಸ್ಪೀಕರ್ ಹ್ಯಾಟನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಮಾವನವರು ಅವನ ಕೈಯ ಕೇಕನ್ನು ಬಾಯಿಗೆ ಹಾಕಿಕೊಂಡು, ಸುತ್ತಲಿದ್ದವರೆಲ್ಲ ತಿರುಗಿ ನೋಡುವಂತೆ ಗಹಗಹಿಸಿ ನಕ್ಕರು.