ಗಾಡಿಯವರೆಗೆ ಹೋಗಲು ಒಂದು ಗಾಡಿ

ಶಾಲೆಯನ್ನು ಬೇಗ ಬಿಟ್ಟವರಿಗೆ ಒಂದು ಕಾಯಿಲೆ ಇರುತ್ತದೆ. ಗೊತ್ತಿಲ್ಲದ್ದನ್ನು ಕೇಳಲು ಬಾಯಿ ಬರುವುದಿಲ್ಲ. ಓದಿದವರು ಹತ್ತು ಸಲ ಕೇಳಿದರೆ ಜನ 'ಎಷ್ಟು ವಿಚಾರ ಮಾಡ್ತಾರೆ' ಅನ್ನುತ್ತಾರೆ. ನಾವು ಒಂದು ಸಲ ಕೇಳಿದರೆ 'ಪಾಪ, ಓದಿಲ್ಲ' ಅನ್ನುತ್ತಾರೆ. ಆರನೇ ಕ್ಲಾಸಿನ ಅರ್ಧದಲ್ಲಿ ಪುಸ್ತಕದ ಚೀಲ ಇಳಿಸಿ ಕರಣೆ ಹಿಡಿದ ನಾನು, ಅಂದಿನಿಂದ ಯಾರನ್ನೂ ಏನನ್ನೂ ಕೇಳದೆ, ನೋಡಿ ನೋಡಿಯೇ ಕಲಿತು ಮೇಸ್ತ್ರಿಯಾದವನು. ರಾಮನಗರದಲ್ಲಿ ನಾನು ಟೈಲ್ಸ್ ಹಾಕಿದ ಯಾವ ಬಚ್ಚಲಿನಲ್ಲೂ ನೀರು ನಿಂತಿದ್ದನ್ನು ಕಂಡವರಿಲ್ಲ. ಇಂಥವನಿಗೆ ಒಂದು ಹಳೇ ಪಿಕಪ್ ಕೊಳ್ಳಲು ಇನ್ನೊಬ್ಬರ ಬುದ್ಧಿ ಯಾಕೆ ಬೇಕು?

ಗಾಡಿ ಬೇಕಾಗಿದ್ದಂತೂ ನಿಜ. ಕೈಲಾಂಚದ ಕಡೆಯ ನಮ್ಮ ತೋಟದ ಮನೆಯಿಂದ ದಿನಾ ಪೇಟೆಗೆ ಮೊಪೆಡ್‌ನಲ್ಲಿ ಹೋಗಿಬರುತ್ತಿದ್ದೆ. ಕಾಲ ನಡುವೆ ಟೈಲ್ಸ್ ಕಟ್ ಮಾಡುವ ಮೆಷಿನ್, ಹೆಗಲಿಗೆ ರಸಮಟ್ಟದ ಚೀಲ, ಹಿಂದೆ ಅಡ್ಡಡ್ಡ ಕಟ್ಟಿದ ಆರಡಿಯ ಅಲ್ಯೂಮಿನಿಯಂ ಪಟ್ಟಿ. ಎದುರು ಬರುವವರು ನನ್ನ ಮುಖಕ್ಕಿಂತ ಮೊದಲು ಪಟ್ಟಿಯನ್ನು ನೋಡಿ ಚರಂಡಿಯ ಕಡೆಗೆ ಸರಿಯುತ್ತಿದ್ದರು. ಕೆಲಸಕ್ಕೆ ಬೇಕು ಎನ್ನುವುದು ಅರ್ಧ ಕಾರಣ. ಸಂಜೆ ಹೊತ್ತು ನಮ್ಮ ಮನೆ ಮುಂದೆ ನಾಲ್ಕು ಚಕ್ರದ್ದೊಂದು ನಿಂತಿರಬೇಕು, ದಾರಿಯಲ್ಲಿ ಹೋಗುವವರು ಅದನ್ನು ನೋಡಿಕೊಂಡು ಹೋಗಬೇಕು ಎನ್ನುವುದು ಇನ್ನರ್ಧ.

ಚನ್ನಪಟ್ಟಣದಲ್ಲಿ ಒಬ್ಬರು ತಮ್ಮ ಗಾಡಿ ಮಾರುತ್ತಾರೆಂದು ತಿಳಿಯಿತು. ನನ್ನ ಬಾಮೈದ ಲಾರಿ ಡ್ರೈವರು. "ನಾನೂ ಬತ್ತೀನಿ ಭಾವ, ಒಸಿ ನೋಡನ," ಎಂದ. "ನೋಡಾಕೆ ನಂಗ್ ಕಣ್ಣಿಲ್ವೇನ್ಲಾ?" ಎಂದು ಒಬ್ಬನೇ ಹೋದೆ. ಟೈಲ್ಸ್ ಕೆಳಗೆ ಟೊಳ್ಳಿದೆಯೋ ಎಂದು ಬೆರಳಿನಲ್ಲಿ ಬಡಿದು ನೋಡುತ್ತೇವಲ್ಲ, ಹಾಗೆ ಗಾಡಿಯನ್ನು ಬಾನೆಟ್‌ನಿಂದ ಹಿಂದಿನ ಬಾಗಿಲವರೆಗೆ ಬಡಿದೆ. ಎಲ್ಲೂ ತಗ್ಗಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರಲಿಲ್ಲ. ಅಡಿಗೆ ನುಸುಳಿ ಅಂಗಾತ ಮಲಗಿ ನೋಡಿದೆ. ಎಂಜಿನ್ನಿಗೆ ಕಿವಿಯಿಟ್ಟೆ. ಹದಿನಾಲ್ಕು ವರ್ಷದ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಒಂದು ಚುಕ್ಕೆ ತುಕ್ಕಿಲ್ಲ! ಆಯಪ್ಪನೇ "ಇನ್ನೇನಾದ್ರೂ ಕೇಳೋದಿದ್ರೆ ಕೇಳಿ ಅಣ್ಣ," ಎಂದರು. "ಎಲ್ಲಾ ಗೊತ್ತಾಯ್ತು," ಎಂದೆ.

ಕೆಂಗಲ್ ಆಂಜನೇಯನ ಮುಂದೆ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಹಾರ ಹಾಕಿದ ಗಾಡಿಯನ್ನು ಮನೆ ಮುಂದೆ ತಂದು ಹಾರ್ನ್ ಹೊಡೆದೆ. ನನ್ನ ಹೆಂಡತಿ ಜಯಮ್ಮ ಹುಳು ಮನೆಯಿಂದ ಹೊರಗೆ ಬಂದಳು. ನಮ್ಮಲ್ಲಿ ಟೈಲ್ಸ್ ನನ್ನ ಖಾತೆ, ರೇಷ್ಮೆ ಹುಳು ಅವಳ ಖಾತೆ. ಗಾಡಿಯನ್ನು ಒಂದು ಸುತ್ತು ಬಂದಳು. ಮೂಗು ಅರಳಿಸಿದಳು.

"ಅಲ್ಲ ಕನಿ, ಇದು ಇಷ್ಟ್ ದಿನ ಏನ್ ಹೊತ್ಕಂಡಿತ್ತು?"

ಅದೊಂದನ್ನು ನಾನು ಕೇಳಿರಲಿಲ್ಲ. ತೆಂಗಿನ ಮರದ ಮರೆಗೆ ಹೋಗಿ ಮಾರಿದವರಿಗೆ ಫೋನ್ ಮಾಡಿದೆ. ಅವರು ಹೆಮ್ಮೆಯಿಂದಲೇ ಹೇಳಿದರು: "ಹೊಗೆಸೊಪ್ಪು ಅಣ್ಣ. ಹುಣಸೂರಿಂದ ಬರೀ ಒಣ ಲೋಡು. ಅದಕ್ಕೇ ನೋಡಿ, ತುಕ್ಕೇ ಇಲ್ಲ!"

ರೇಷ್ಮೆ ಸಾಕದವರಿಗೆ ಇದರ ಕಷ್ಟ ಗೊತ್ತಾಗಲಿಕ್ಕಿಲ್ಲ. ಹೊಗೆಸೊಪ್ಪಿನ ಧೂಳು ಸೋಕಿದ ಎಲೆ ತಿಂದರೆ ಹುಳು ಉಳಿಯುವುದಿಲ್ಲ. ಬೀಡಿ ಸೇದಿದವರನ್ನು ಹುಳು ಮನೆಯ ಹೊಸ್ತಿಲಿಗೂ ಸೇರಿಸುವುದಿಲ್ಲ. ಒಂದು ತಿಂಗಳು ರಾತ್ರಿ ಹಗಲು ಸೊಪ್ಪು ಹಾಕಿ ಬೆಳೆಸಿದ್ದು ಒಂದೇ ದಿನದಲ್ಲಿ ತಿಪ್ಪೆಗೆ ಹೋಗಬಹುದು. ನಾನೋ, ಹಿಪ್ಪುನೇರಳೆ ಸೊಪ್ಪನ್ನೂ ಇದರಲ್ಲೇ ಹೊರಬಹುದೆಂದು ಲೆಕ್ಕ ಹಾಕಿದ್ದವನು.

ಸೋಪಿನ ನೀರಲ್ಲಿ ಮೂರು ಸಲ ಗಾಡಿ ತೊಳೆದೆ. "ಇನ್ನೇನೂ ಇಲ್ಲ ಕಣೆ, ನಿನ್ನ ಹುಳಕ್ಕೆ ಗೊತ್ತಾಗಕಿಲ್ಲ," ಎಂದೆ. ಜಯಮ್ಮ ಒಂದು ಹಿಡಿ ಸೊಪ್ಪನ್ನು ಗಾಡಿಯ ತೊಟ್ಟಿಯಲ್ಲಿ ಒಂದು ಗಂಟೆ ಹರಡಿಟ್ಟು, ಅದನ್ನು ಬೇರೆ ತಟ್ಟೆಯಲ್ಲಿ ಹತ್ತು ಹುಳುವಿಗೆ ಹಾಕಿದಳು. ನಾನು ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಹತ್ತೂ ತಲೆ ಎತ್ತಿಕೊಂಡು ನಿಂತವು. ಆಮೇಲೆ ಬಾಯಲ್ಲಿ ಹಸಿರು ನೀರು ಬಿಟ್ಟವು. ಆಮೇಲೆ ಮುದುಡಿಕೊಂಡವು. ಗಾಡಿಯ ಒಂದೊಂದು ಸಂದಿಯಲ್ಲೂ ಧೂಳು ಕೂತಿತ್ತು. ಅಷ್ಟು ಬಡಿದು ನೋಡಿದ ನನಗೆ ಕಾಣದ್ದನ್ನು ಹತ್ತು ಹುಳು ಪತ್ತೆ ಮಾಡಿದ್ದವು.

"ಗಾಡಿ ಆಚೆ ತಕಂಡೋಗಿ," ಎಂದಳು ಜಯಮ್ಮ.

ಬಾಮೈದ "ಮಾರ್ಬುಡಿ ಭಾವ," ಎಂದ. ಮಾರಿದರೆ ಕೇಳದೆ ಕೊಂಡೆ ಎಂದು ಊರ ಮುಂದೆ ಒಪ್ಪಿಕೊಂಡ ಹಾಗೆ. ಮನೆಯಿಂದ ಒಂದು ಮೈಲಿ ದೂರದಲ್ಲಿ, ಊರ ಹಾಲಿನ ಡೈರಿ ಮುಂದಿನ ಹೊಂಗೆ ಮರದಡಿ ನಿಲ್ಲಿಸಿದೆ. ಡೈರಿಯಲ್ಲಿ ಹಾಲು ಅಳೆಯುವ ಬೋರಣ್ಣ ನನ್ನ ಜೊತೆ ಆರನೇ ಕ್ಲಾಸಿನವರೆಗೆ ಓದಿದವನು. ಯಾಕಿಲ್ಲಿ ಎಂದು ಕೇಳಿದ.

"ತೋಟದ ದಾರಿ ಸಣ್ದು ಕಣ್ಲಾ. ಬಣ್ಣ ಗೀರೋಯ್ತದೆ."

"ಹೋದ ತಿಂಗಳು ನಿನ್ ತೋಟಕ್ಕೆ ಜೆಸಿಬಿ ಹೋಗ್ಬಂತು. ನಿನ್ ಗಾಡಿ ಅದ್ಕಿಂತ ದಪ್ಪನೇನ್ಲಾ?"

ಹೀಗೆ, ಮೊಪೆಡ್ ಬಿಡಬೇಕೆಂದು ಪಿಕಪ್ ಕೊಂಡ ನಾನು ಪಿಕಪ್ಪಿನವರೆಗೆ ಹೋಗಲು ದಿನಾ ಮೊಪೆಡ್ ಹತ್ತತೊಡಗಿದೆ. ಸಂಜೆ ವಾಪಸ್ಸು ಬಂದರೆ ಅಂಗಳದ ನೀರಿನ ತೊಟ್ಟಿಯ ಹತ್ತಿರವೇ ಕೈಕಾಲು ತೊಳೆದು, ಅಂಗಿ ಬದಲಿಸಿ, ಆಮೇಲೆ ಮನೆಯೊಳಗೆ. ಪೂಜಾರಿಗೂ ಇಷ್ಟು ಮಡಿ ಇರಲಿಕ್ಕಿಲ್ಲ.

ಹುಳು ಹಣ್ಣಾಗಿ ಗೂಡು ಕಟ್ಟಿದವು. ಬೆಳೆ ಚೆನ್ನಾಗಿಯೇ ಬಂತು. ಮಾರುಕಟ್ಟೆಗೆ ಹೊರಡುವ ದಿನ ಜಯಮ್ಮ ತಾನಾಗಿಯೇ, "ಗಾಡಿ ತನ್ನಿ. ಗೂಡೊಳಕ್ಕೆ ಸೇರ್ಕಂಡವಕ್ಕೆ ಇನ್ನೇನಾದದು?" ಎಂದಳು. ಮೊಪೆಡ್ಡನ್ನು ಹೊಂಗೆ ಮರದಡಿ ಬಿಟ್ಟು, ಹಾರ್ನ್ ಹೊಡೆಯುತ್ತ ಗಾಡಿಯನ್ನು ಮನೆಗೆ ತಂದೆ. ಗೂಡು ತುಂಬಿ, ಜಯಮ್ಮನನ್ನು ಮುಂದೆ ಕೂರಿಸಿಕೊಂಡು ಡೈರಿ ಮುಂದೆ ಬಂದು, ಬೇಕಿಲ್ಲದಿದ್ದರೂ ನಿಲ್ಲಿಸಿದೆ.

ಬೋರಣ್ಣ ಕಿಟಕಿಗೆ ಬಂದ. "ದಾರಿ ಅಗಲ ಆಯ್ತೇನ್ಲಾ? ಇನ್ ಆ ಮೊಪೆಡ್ ಯಾಕ್ ನಿಂಗೆ, ನಂಗ್ ಕೊಟ್ಬುಡು."

ಖುಷಿಯಲ್ಲಿರುವವನ ಕೈ ಜೇಬಿಗೆ ಬೇಗ ಹೋಗುತ್ತದೆ. ಕೀ ತೆಗೆದು ಕೊಟ್ಟೇಬಿಟ್ಟೆ. ಜಯಮ್ಮ ನನ್ನ ಮುಖವನ್ನೊಮ್ಮೆ ನೋಡಿ, ಮತ್ತೆ ರಸ್ತೆ ನೋಡಿದಳು.

ಗೂಡು ಮಾರಿ ಹಿಂತಿರುಗುವಾಗ ಹೇಳಿದಳು: "ಹದಿನೈದು ದಿನಕ್ಕೆ ಮುಂದಿನ ಬೆಳೆ ಹುಳ ಬತ್ತವೆ. ಅಷ್ಟರೊಳಗೆ ಗಾಡಿ ಡೈರಿ ತಾವ್ಕೆ ಬುಟ್ಬುಡಿ."

ನಾನು ಗೇರ್ ಬದಲಿಸುವುದನ್ನೇ ಮರೆತೆ. "ಕೀ ಕೊಡ್ವಾಗ ಹೇಳಕ್ಕಾಗ್ತಿರ್ಲಿಲ್ವಾ?"

"ನೀವ್ ಕೇಳಿದ್ರಾ?"

ಈಗ ವರ್ಷಕ್ಕೆ ಐದು ಬೆಳೆ; ಹುಳು ಮೇಯುವಷ್ಟು ದಿನವೂ ಬೆಳಿಗ್ಗೆ ಊಟದ ಕ್ಯಾರಿಯರ್ ಹಿಡಿದು ಒಂದು ಮೈಲಿ ನಡೆಯುತ್ತೇನೆ. ಅದೇ ಹೊತ್ತಿಗೆ ಬೋರಣ್ಣ ನನ್ನ ಹಳೇ ಮೊಪೆಡ್‌ನಲ್ಲಿ ಹಿಂದಿನಿಂದ ಬಂದು, ವೇಗ ತಗ್ಗಿಸಿ, "ಹತ್ಕಳ್ಲಾ, ಡೈರಿ ತಂಕ ಬುಡ್ತೀನಿ," ಅನ್ನುತ್ತಾನೆ.

"ಬ್ಯಾಡ ಹೋಗ್ಲಾ," ಅನ್ನುತ್ತೇನೆ. "ನಂದೇ ಗಾಡಿ ಐತೆ."