ದಫ್ತರದಜ್ಜ ಬಿಟ್ಟುಹೋದ ಜಾಗ

ಹಳೇ ಪತ್ರಗಳನ್ನು ಜೋಡಿಸಿಡುತ್ತಿದ್ದ ದಫ್ತರದಜ್ಜ ತೀರಿಕೊಂಡ ಸುದ್ದಿ ನೋಂದಣಿ ಕಚೇರಿಗೆ ಮುಟ್ಟಿದಾಗ ಬಾಗಿಲಲ್ಲಿ ಮನೆಪತ್ರ ಕೇಳಲು ಜನ ಆಗಲೇ ಸಾಲುಗಟ್ಟಿದ್ದರು. ಸಹಾಯದ ಮೇಜಿನ ಗುಮಾಸ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಜ್ಜನೊಂದಿಗೆ ಅವನದು ದಿನವೂ ಫ್ಯಾನಿನ ಜಗಳ. ಸೆಕೆ ಎಂದು ಇವನು ಹಾಕುವುದು, ಚಳಿ ಎಂದು ಅವರು ಆರಿಸುವುದು. ಆದರೂ ಕೊನೆಯ ಸಲ ಮುಖ ನೋಡಿ ಒಂದು ಹಿಡಿ ಮಣ್ಣು ಹಾಕದಿದ್ದರೆ ಅವನ ಮನಸ್ಸಿಗೆ ಸಮಾಧಾನವಿಲ್ಲ.

“ಸಾಲು ಕರಗಿಸಿ ಹೊರಡಪ್ಪ,” ಎಂದರು ಸಾಹೇಬರು.

ಕಷ್ಟವಿದ್ದದ್ದೇ ಅಲ್ಲಿ. ಅಜ್ಜ ಮನೆಪತ್ರಗಳನ್ನು ನಂಬರಿನ ಪ್ರಕಾರ ಇಟ್ಟವರೇ ಅಲ್ಲ. ಹೊಂದಿಕೊಂಡವರ ಪತ್ರಗಳು ಒಟ್ಟಿಗೆ. ಜಗಳವಾಡಿದವರವು ಎದುರುಬದುರು ಗೋಡೆಗೆ. “ಆಗದವರನ್ನ ಪಕ್ಕಪಕ್ಕ ಇಟ್ರೆ ಬೇಗ ಗೆದ್ದಲು ಹತ್ತುತ್ತೆ ಕಣೋ,” ಎನ್ನುತ್ತಿದ್ದರು.

ಗುಮಾಸ್ತ ಸಾಲಿನ ಮುಂದಿದ್ದ ಹೆಂಗಸನ್ನು ಕೇಳಿದ: “ಅಮ್ಮಾ, ನಿಮಗೆ ಯಾರನ್ನ ಕಂಡರೆ ಆಗಲ್ಲ?”

“ನನಗಾ? ನಾನು ಎಲ್ಲರ ಜೊತೆ ಹಾಲು ಜೇನು!”

“ಮತ್ತೆ ಓರಗಿತ್ತಿ ಜೊತೆ ಮಾತು ಬಿಟ್ಟಿರೋದು?” ಹಿಂದಿದ್ದ ದರ್ಜಿ ಬಾಯಿ ಹಾಕಿದ.

“ನಿನ್ನನ್ನ ಯಾರಪ್ಪ ಕೇಳಿದ್ದು? ನನ್ನ ಬಟ್ಟೆ ಕೆಡಿಸಿದ್ದು ಸಾಲ್ದಾ?”

ಓರಗಿತ್ತಿಯ ಪತ್ರದ ಎದುರು ಗೋಡೆಯಲ್ಲಿ ಆಕೆಯ ಪತ್ರವೇನೋ ಸಿಕ್ಕಿತು. ಆದರೆ ಒಂದು ಪತ್ರ ಸಿಗುವಷ್ಟರಲ್ಲಿ ಸಾಲಿನಲ್ಲಿ ಒಂದು ಹೊಸ ಜಗಳ ಹುಟ್ಟುತ್ತಿತ್ತು. ಕೊಡೆಗಳು ಮೇಲೆದ್ದವು. ನಡುವೆ ಕಟ್ಟುಗಳ ಧೂಳಿನಲ್ಲಿ ಓಡಾಡಿದ ಗುಮಾಸ್ತ ಹಿಟ್ಟಿನ ಗಿರಣಿಗೆ ಬಿದ್ದ ಬೆಕ್ಕಿನಂತಾದ.

ಸಾಲು ಕರಗಿತು. ಚಪ್ಪಲಿ ಮೆಟ್ಟುವಷ್ಟರಲ್ಲಿ ಅಜ್ಜನ ಅಳಿಯ ಏದುಸಿರು ಬಿಡುತ್ತ ಬಂದ.

“ಅಣ್ಣಾ, ಸಮಾಧಿ ಜಾಗದ ಪತ್ರ ತೋರಿಸದೆ ಮಣ್ಣು ಮಾಡೋಕೆ ಬಿಡಲ್ವಂತೆ. ಎಲ್ಲರೂ ಕಾಯ್ತಿದಾರೆ!”

“ಅಯ್ಯೋ! ನಿಮ್ಮ ಮಾವನವರಿಗೆ ಯಾರ ಜೊತೆ ಜಗಳ ಇತ್ತು?”

“ಇರುವೆಗೂ ದಾರಿ ಬಿಡೋರು, ಅಣ್ಣಾ. ನಿಮ್ಮೊಬ್ಬರ ಜೊತೆ ಮಾತ್ರ, ಆ ಫ್ಯಾನಿಗೆ.”

ಗುಮಾಸ್ತ ಚಪ್ಪಲಿ ಬಿಟ್ಟು ಒಳಗೆ ತಿರುಗಿದ. ಹಾಗಾದರೆ ಅಜ್ಜನ ಪತ್ರ ತನ್ನ ಮನೆಪತ್ರದಿಂದ ಅತಿ ದೂರದಲ್ಲಿರಬೇಕು! ತನ್ನದು ಬಾಗಿಲ ಬಳಿ. ಆಚೆ ಮೂಲೆಗೆ ಓಡಿದ, ಏಣಿ ಹತ್ತಿದ, ಜಾರಿದ, ಜೇಡರಬಲೆ ಹೊದ್ದು ಇಳಿದ. ಇಲ್ಲ. ಸೋತುಬಂದು ಕೊನೆಗೆ ತನ್ನ ಕಟ್ಟನ್ನೇ ಬಿಚ್ಚಿದ. ಅವನ ಮನೆಪತ್ರಕ್ಕೆ ಒತ್ತಿಕೊಂಡು, ಒಂದೇ ದಾರದಲ್ಲಿ, ಅಜ್ಜನ ಪತ್ರ!

ಗುಮಾಸ್ತ ಗಳಗಳನೆ ಅತ್ತುಬಿಟ್ಟ.

ಅಳಿಯ ಪತ್ರ ಬಿಡಿಸಿ ಓದಿದ. “ಎರಡು ಜಾಗ ಕೊಂಡಿದಾರೆ, ಅಣ್ಣಾ. ಒಂದು ಅವರಿಗೆ. ಅಂಟಿಕೊಂಡಿರೋ ಪಕ್ಕದ್ದು... ನಿಮ್ಮ ಹೆಸರಿಗೆ!”

ಗುಮಾಸ್ತನ ಅಳು ಅರ್ಧಕ್ಕೇ ನಿಂತಿತು.

ಸಂಜೆ ಮಣ್ಣು ಹಾಕುವಾಗ ಅವನ ಕಣ್ಣು ಮತ್ತೆ ಮತ್ತೆ ಪಕ್ಕದ ಖಾಲಿ ಜಾಗದತ್ತ ಹೋಗುತ್ತಿತ್ತು. ಗಾಳಿಯ ಸುಳಿವೇ ಇರಲಿಲ್ಲ. ಬೆವರೊರೆಸಿಕೊಂಡು ಕೈಮುಗಿದ: “ದೇವರೇ, ಪಕ್ಕದ ಜಾಗಕ್ಕೆ ಆತುರಪಡಬೇಡ. ಈ ಹಿರಿಯ ಜೀವವನ್ನ ನಿನ್ನ ಮಡಿಲಲ್ಲಿ ಬೆಚ್ಚಗೆ ಇಟ್ಟುಕೋ ತಂದೆ, ಅವರಿಗೆ ನೆಮ್ಮದಿ ಕೊಡು.”