ಹಮ್ರೋಕುಲನ ಕಾರಿಗೆ ಕೆಮ್ಮು ಬರಲಿಲ್ಲ

ಆ ಗುರುವಾರ ಹಮ್ರೋಕುಲನ ಕಾರು ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಯಿತು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಬೇರೆ ಯಾರದ್ದಾದರೂ ಕಾರು ಹಾಗೆ ಚಾಲೂ ಆಗಿದ್ದರೆ ದೇವರನ್ನು ನೆನೆದು ಹೊರಟುಬಿಡುತ್ತಿದ್ದರು. ಹಮ್ರೋಕುಲ್ ಮಾತ್ರ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು, “ಇವತ್ತೊಂದಿನ ಕೆಮ್ಮೇ ತಾಯಿ, ಇವತ್ತೊಂದೇ ದಿನ” ಎಂದು ಬೇಡಿಕೊಂಡ. ಕಾರು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು.

ಹಮ್ರೋಕುಲ್ ಇಸ್ತರಾವ್ಶನ್ ಪೇಟೆಯಲ್ಲಿ ಚಿನ್ನದ ಹಲ್ಲು ಕಟ್ಟುವವನು. ಎರಡು ವರ್ಷದ ಹಿಂದೆ ಈ ಬಿಳಿ ಕಾರನ್ನು ಹೊಚ್ಚ ಹೊಸದಾಗಿಯೇ ಕೊಂಡಿದ್ದ. ಮೂರನೆಯ ತಿಂಗಳಿಗೇ ಅದಕ್ಕೆ ಕಾಯಿಲೆ ಹತ್ತಿತು. ಏರು ಹತ್ತುವಾಗ ಇಂಜಿನ್ನು ಮೂರು ಸಲ ಕೆಮ್ಮಿ, ಒಂದು ಸಲ ನಡುಗಿ, ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಸುಧಾರಿಸಿಕೊಂಡರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ರಿಪೇರಿಯ ಖರ್ಚನ್ನು ಹಮ್ರೋಕುಲ್ ಸೊಮೋನಿಗಳಲ್ಲಿ ಹೇಳುತ್ತಿರಲಿಲ್ಲ, ಹಲ್ಲುಗಳಲ್ಲಿ ಹೇಳುತ್ತಿದ್ದ. ಪ್ಲಗ್ಗು ಬದಲಿಸಿದ್ದಕ್ಕೆ ಒಂದು ಹಲ್ಲು. ಪೆಟ್ರೋಲ್ ಪಂಪಿಗೆ ನಾಲ್ಕು. ಸೆನ್ಸರ್ ಎಂಬ ಕಡಲೆಕಾಳಿನಷ್ಟು ವಸ್ತುವಿಗೆ ಇಡೀ ಕೆಳದವಡೆ.

“ಗ್ಯಾರಂಟಿ ಇದೆಯಲ್ರೀ?” ಎಂದು ಆತ ಪ್ರತಿ ಸಲವೂ ಕಂಪನಿಯ ವರ್ಕ್‌ಶಾಪಿನಲ್ಲಿ ಕೇಳುತ್ತಿದ್ದ.

“ಗ್ಯಾರಂಟಿ ಇಂಜಿನ್ನಿಗೆ. ಪ್ಲಗ್ಗಿಗಲ್ಲ, ಪಂಪಿಗಲ್ಲ, ಸೆನ್ಸರಿಗಲ್ಲ.”

“ಹಾಗಾದ್ರೆ ಇಂಜಿನ್ನು ಅಂದ್ರೆ ಯಾವುದು?”

“ಇವೆಲ್ಲ ತೆಗೆದ ಮೇಲೆ ಉಳಿಯುತ್ತಲ್ಲ, ಅದು.”

ಉಳಿದದ್ದನ್ನು ಬದಲಿಸಿಕೊಡಲು ಕಂಪನಿ ಒಪ್ಪಿತ್ತು, ಆದರೆ ಕಾರು ನಿಂತುಹೋಗುವುದನ್ನು ಅವರ ಮೆಕ್ಯಾನಿಕ್ಕು ಕಣ್ಣಾರೆ ಕಂಡು ಕಾಗದದಲ್ಲಿ ಬರೆಯಬೇಕಿತ್ತು. ಕಾರೋ, ವರ್ಕ್‌ಶಾಪಿನ ಗೇಟು ದಾಟುತ್ತಲೇ ಆರೋಗ್ಯವಾಗಿಬಿಡುತ್ತಿತ್ತು. ರಾತ್ರಿಯಿಡೀ ಗೋಳಾಡಿಸಿದ ಹಲ್ಲು ತನ್ನ ಕುರ್ಚಿ ಕಂಡೊಡನೆ ತೆಪ್ಪಗಾಗುವುದನ್ನು ಹಮ್ರೋಕುಲ್ ಇಪ್ಪತ್ತು ವರ್ಷದಿಂದ ನೋಡುತ್ತ ಬಂದವನು. ಆಗೆಲ್ಲ ಗಿರಾಕಿಗಳನ್ನು ನೋಡಿ ನಗುತ್ತಿದ್ದ. ಈಗ ನಗು ಬರುತ್ತಿರಲಿಲ್ಲ.

ಆ ಗುರುವಾರ ಸಂಜೆ ಆರಕ್ಕೆ ಗ್ಯಾರಂಟಿ ಮುಗಿಯುವುದಿತ್ತು. ಕೈಯಿಂದ ದುಡ್ಡು ಹಾಕಿ ಹೊಸ ಇಂಜಿನ್ನು ಕೂರಿಸುವುದೆಂದರೆ ಅರವತ್ತು ಹಲ್ಲು. ಮನೆಯ ತಗಡಿನ ಮಾಡು ಮೂರು ಕಡೆ ಸೋರುತ್ತಿತ್ತು, ಮಳೆ ಹತ್ತಿರ ಬಂದಿತ್ತು. ಹೊಸ ತಗಡಿಗೆಂದು ಕೂಡಿಟ್ಟದ್ದೆಲ್ಲ ಕಾರಿನ ಹೊಟ್ಟೆ ಸೇರಿತ್ತು.

“ಇಂಜಿನ್ ತಗೊಂಡು ಬಾ, ಇಲ್ಲಾ ತಗಡು ತಗೊಂಡು ಬಾ,” ಎಂದಿದ್ದಳು ಹೆಂಡತಿ ಮೋಹಿರಾ. “ಬರಿಗೈಲಿ ಬಂದ್ರೆ ಆ ಕಾರಲ್ಲೇ ಮಲ್ಕೋ. ಅದರ ಮಾಡಾದ್ರೂ ಸೋರಲ್ಲ.”

ಹಾಗಾಗಿ ಆತ ವರ್ಕ್‌ಶಾಪಿನ ಯಜಮಾನನ ಕೈಕಾಲು ಹಿಡಿದು, ಆರು ಗಂಟೆಯವರೆಗೆ ಒಬ್ಬ ಮೆಕ್ಯಾನಿಕ್ಕನ್ನು ತನ್ನ ಪಕ್ಕ ಕೂರಿಸಿಕೊಳ್ಳಲು ಅಪ್ಪಣೆ ಪಡೆದಿದ್ದ. ಬಂದವನು ದಿಲೋವರ್. ಇಸ್ತ್ರಿ ಮಾಡಿದ ನೀಲಿ ಅಂಗಿ, ಕಂಕುಳಲ್ಲಿ ರಟ್ಟಿನ ಹಲಗೆ, ಹಲಗೆಗೆ ಸಿಕ್ಕಿಸಿದ ಕಾಗದ. ಮುಖದ ತುಂಬ ಮದುವೆ ನೋಂದಣಿ ಮಾಡುವ ಅಧಿಕಾರಿಯ ಗಾಂಭೀರ್ಯ.

“ನಿಂತ್ರೆ ನಿಂತಿತು ಅಂತ ಬರೀತೀನಿ. ನಿಲ್ಲದಿದ್ರೆ ನಿಲ್ಲಲಿಲ್ಲ ಅಂತ ಬರೀತೀನಿ,” ಎಂದ.

“ನಿಲ್ಲುತ್ತೆ ಉಸ್ತಾ, ಖಂಡಿತ ನಿಲ್ಲುತ್ತೆ. ನನ್ನ ಮಾನ ಕಳೆಯೋದ್ರಲ್ಲಿ ಇದು ಯಾವತ್ತೂ ಹಿಂದೆ ಬಿದ್ದಿಲ್ಲ.”

ಮುಗ್ ತೆಪ್ಪಾ ದಿಬ್ಬದ ಏರನ್ನು ಕಾರು ಎರಡು ಸಲ ಹತ್ತಿ ಇಳಿಯಿತು. ಕೆಮ್ಮಲಿಲ್ಲ. ಮೂರನೆಯ ಸಲ ಹತ್ತಿತು. ಸೀನಲೂ ಇಲ್ಲ. ದಿಲೋವರ್ ಕಿವಿಗೊಟ್ಟು ಕೇಳಿ, “ಗಡಿಯಾರ ಇದ್ದ ಹಾಗಿದೆ,” ಎಂದ.

ಹಮ್ರೋಕುಲ್ ತನ್ನ ಮಹಲ್ಲಾಕ್ಕೆ ವಾಪಸು ಬಂದಾಗ ಕೇರಿಯೆಲ್ಲ ಚಹಾಖಾನೆಯ ಮುಂದೆ ಸೇರಿತ್ತು. ವಿಷಯ ಎಲ್ಲರಿಗೂ ಗೊತ್ತಿತ್ತು. ಮುಂದಾಳಾಗಿ ನಿಂತಿದ್ದವರು ಕೇರಿಗೆಲ್ಲ ಚಿಕ್ಕಪ್ಪನಾದ ಅಶೂರ್ ಅಮಾಕ್. ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತರಾದವರು, ಈಗ ಊರವರ ಬದುಕನ್ನೆಲ್ಲ ಓಡಿಸುತ್ತಿದ್ದರು.

“ಖಾಲಿ ಕಾರು ಯಾಕೋ ಕೆಮ್ಮುತ್ತೆ?” ಎಂದರು ಅಮಾಕ್. “ಭಾರ ಹೇರಬೇಕು ಕಣೋ! ಕತ್ತೆಗೂ ಕಾರಿಗೂ ಒಂದೇ ವಿದ್ಯೆ. ಸರಿ, ನಾನೇ ಕೂತ್ಕೋತೀನಿ. ಹೇಗೂ ಪೇಟೆಗೆ ಹೋಗೋದಿತ್ತು.”

ಅಮಾಕ್ ಹಿಂದೆ ಕೂತರು. ಅವರ ಪಕ್ಕ ಸಿಮೆಂಟಿನ ಎರಡು ಚೀಲ ಕೂತವು. ಚೀಲಗಳ ಮೇಲೆ ಸಬೋಹತ್ ಖಾಲಾ ಕೂತಳು. ಖಾಲಾ ಕೇರಿಗೆಲ್ಲ ಹೂವಿನಚ್ಚು ಒತ್ತಿದ ನಾನ್ ರೊಟ್ಟಿ ಸುಟ್ಟುಕೊಡುವ ಮುದುಕಿ. ಹಮ್ರೋಕುಲ್ ತೊಟ್ಟಿಲಲ್ಲಿದ್ದಾಗಿನಿಂದ ಅವನನ್ನು ಎತ್ತಿ ಆಡಿಸಿದವಳು. ಅವಳ ಬಾಯಲ್ಲಿದ್ದ ಹನ್ನೊಂದು ಚಿನ್ನದ ಹಲ್ಲೂ ಅವನದೇ ಕೈಕೆಲಸ.

“ನನ್ನ ಮಗೂಗೋಸ್ಕರ ಇಷ್ಟೂ ಮಾಡ್ದೆ ಇರ್ತೀನಾ?” ಎಂದಳು. “ಹಾದೀಲಿ ನನ್ನ ತಂಗಿ ಮನೆ ಹತ್ರ ಒಂದು ನಿಮಿಷ ನಿಲ್ಸು.”

ತಂಗಿಯ ಮನೆಯಲ್ಲಿ ಒಂದು ನಿಮಿಷವೆಂದರೆ ಮಾಂಸದ ಸಾರು ಶೂರ್ಬಾ, ಚಹಾ, ಏಪ್ರಿಕಾಟು, ಮತ್ತೆ ಚಹಾ. ದಿಲೋವರ್ ಬೇಡ ಬೇಡ ಎನ್ನುತ್ತಲೇ ಮೂರು ಬಟ್ಟಲು ಶೂರ್ಬಾ ಮುಗಿಸಿದ. ಹೊರಡುವಾಗ ತಂಗಿಯ ಮನೆಯ ಒಂದು ಟಗರು ಕೂಡ ಕಾರು ಹತ್ತಿತು. ಅದನ್ನು ಮೇಲಿನ ಕೇರಿಗೆ ಮುಟ್ಟಿಸುವುದಿತ್ತಂತೆ.

“ಭಾರ ಬೇಕು ಅಂದ್ರಲ್ಲ!” ಎಂದಳು ತಂಗಿ.

ನಾಲ್ಕು ಜನ, ಎರಡು ಚೀಲ ಸಿಮೆಂಟು, ಒಂದು ಟಗರು. ಹಮ್ರೋಕುಲನ ಎದೆಯಲ್ಲಿ ಆಸೆ ಚಿಗುರಿತು. ಏರಿನ ಬುಡಕ್ಕೆ ಬಂದು ಕಣ್ಣು ಮುಚ್ಚಿ ಗೇರು ಹಾಕಿದ. ಕಾರು ಆಡಿನ ಹಾಗೆ ಜಿಗಿಯುತ್ತ ದಿಬ್ಬದ ತುದಿ ಮುಟ್ಟಿತು. ಕೆಮ್ಮಿದ್ದು ಟಗರು ಮಾತ್ರ.

“ಅದನ್ನ ಬರೀಬೇಡಿ,” ಎಂದ ಹಮ್ರೋಕುಲ್, ದಿಲೋವರನ ಪೆನ್ನು ಅಲುಗಿದ್ದು ಕಂಡು.

“ನಾನು ಬರೀತಿರೋದು ಬೇರೆ.” ದಿಲೋವರನ ದನಿ ಮೃದುವಾಗಿತ್ತು. “ಹನ್ನೊಂದು ವರ್ಷದ ಸರ್ವೀಸಿನಲ್ಲಿ ಇಂಥ ಇಂಜಿನ್ನು ನೋಡಿಲ್ಲ ಅಣ್ಣ. ಬಂಗಾರ ಇಟ್ಕೊಂಡು ಯಾಕೆ ಅಳ್ತೀರಿ?”

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಸಿಮೆಂಟು ಇಳಿಯಿತು, ಟಗರು ಇಳಿಯಿತು. ಕಾರು ಪುಕ್ಕಟೆ ಓಡುತ್ತಿದೆಯೆಂಬ ಸುದ್ದಿ ಹಬ್ಬಿ ಹೊಲಿಗೆಯಂತ್ರ ಹತ್ತಿತು, ಹಾಸಿಗೆ ಸುರುಳಿ ಹತ್ತಿತು, ಮೊಣಕಾಲು ನೋವಿನ ಒಬ್ಬ ಮುಲ್ಲಾ ಹತ್ತಿದರು. ಯಾವ ಏರಿನಲ್ಲೂ ಕಾರು ಹಿಂದೆಗೆಯಲಿಲ್ಲ. ಇಳಿದವರೆಲ್ಲ ಬಾನೆಟ್ಟು ತಟ್ಟಿ, “ಒಳ್ಳೆ ಗಾಡಿ ಕಣಪ್ಪ, ದೃಷ್ಟಿಯಾಗದಿರಲಿ” ಎಂದು ಹರಸಿ ಹೋದರು. ಒಂದೊಂದು ಹರಕೆಗೂ ಹಮ್ರೋಕುಲನ ಮುಖ ಅಷ್ಟಷ್ಟು ಇಳಿಯಿತು.

ಐದು ಗಂಟೆಗೆ ಚಹಾಖಾನೆಯ ಮುಂದೆ ಕಾರು ನಿಲ್ಲಿಸಿ ಆತ ಮೆಟ್ಟಿಲ ಮೇಲೆ ಕುಸಿದು ಕೂತ. ದಿಲೋವರ್ ಒಳಗೆ ಸಂಬೂಸಾ ತಿನ್ನುತ್ತಿದ್ದ. ಮೋಹಿರಾ ಎದುರಿಗಿದ್ದ ತಮ್ಮ ಮನೆಯ ಬಾಗಿಲಿಗೆ ಬಂದು ನೋಡಿದಳು. ಬೈಯಲಿಲ್ಲ. ಸುಮ್ಮನೆ ಒಂದು ಸಲ ಮಾಡಿನ ಕಡೆ, ಒಂದು ಸಲ ಮೋಡದ ಕಡೆ ನೋಡಿ ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಹಮ್ರೋಕುಲನಿಗೆ. ಎರಡು ವರ್ಷ ನಡುರಸ್ತೆಯಲ್ಲಿ ನಿಂತು ಬಿಸಿಲು ಕಾದದ್ದು, ಲಾರಿಯವರ ಕೈಲಿ ಬೈಸಿಕೊಂಡದ್ದು, ಎಲ್ಲ ತನ್ನದೇ ಕಟ್ಟುಕತೆಯೇನೋ ಎಂದು ಅವನಿಗೇ ಅನುಮಾನ ಬರತೊಡಗಿತ್ತು. ಕಣ್ಣು ಒದ್ದೆಯಾಯಿತು.

“ಏಳೋ,” ಎಂದರು ಅಶೂರ್ ಅಮಾಕ್. “ಇನ್ನೂ ಹೊತ್ತಿದೆ. ಕೊನೇ ಸಲ ಹತ್ತಿಸೋಣ. ಖಾಲಾ ಎಲ್ಲಿ?”

“ಬಂದೆ, ಬಂದೆ,” ಎನ್ನುತ್ತ ಖಾಲಾ ಕಾರಿನ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಹತ್ತಿದಳು.

ಐದೂ ನಲವತ್ತಕ್ಕೆ ಕಾರು ದಿಬ್ಬದ ಬುಡ ಮುಟ್ಟಿತು. ಅರ್ಧ ಏರುವಷ್ಟರಲ್ಲಿ ಇಂಜಿನ್ನು ಉಸಿರುಗಟ್ಟಿದವರ ಹಾಗೆ ಒಮ್ಮೆ ಎಳೆಯಿತು. ಇನ್ನೊಮ್ಮೆ ಎಳೆಯಿತು. ಆಮೇಲೆ ಗಡಗಡ ನಡುಗಿ ನಿಂತೇಬಿಟ್ಟಿತು.

ಮರುಕ್ಷಣ ಹಮ್ರೋಕುಲ್ ಬಾಗಿಲು ತೆರೆದು ರಸ್ತೆಗೆ ಹಾರಿ, ಮಗನ ಮದುವೆಯಲ್ಲಿ ಕುಣಿಯುವವನ ಹಾಗೆ ಎರಡೂ ಕೈ ಎತ್ತಿ ಕುಣಿದ.

“ನಿಂತಿತು! ನಿಂತೇಹೋಯ್ತು! ನೋಡಿದ್ರಾ ಉಸ್ತಾ? ಕಣ್ಣಾರೆ ನೋಡಿದ್ರಾ? ಬರೀರಿ, ಬೇಗ ಬರೀರಿ!” ಎನ್ನುತ್ತ ದಿಲೋವರನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ.

“ನೋಡಿದೆ ಅಣ್ಣ, ನೋಡಿದೆ.” ದಿಲೋವರ್ ಕೆನ್ನೆ ಒರೆಸಿಕೊಂಡ. ಅವನಿಗೂ ಸಂತೋಷವಾದಂತೆ ಕಂಡಿತು. “ಹೊಸ ಇಂಜಿನ್ನು ನಿಮ್ಮದೇ. ಕಾರಣ ಅಂತ ಒಂದು ಜಾಗ ಇದೆ ಕಾಗದದಲ್ಲಿ. ಅದೊಂದು ತುಂಬಿಸಿಬಿಡ್ತೀನಿ.”

ಬಾನೆಟ್ಟು ಎತ್ತಿ ನೋಡಿದ. ಮುಟ್ಟಿ ನೋಡಿದ. ಮೂಸಿ ನೋಡಿದ. ಆಮೇಲೆ ಮೂಗು ಅರಳಿಸುತ್ತ, ವಾಸನೆಯ ಜಾಡು ಹಿಡಿದು ಕಾರಿನ ಹಿಂಬದಿಗೆ ನಡೆದ. ಬಾಗಿದ. ಹೊಗೆಕೊಳವೆಗೆ ಕರವಸ್ತ್ರ ಸುತ್ತಿ, ಬೆರಳು ತೂರಿಸಿ, ಬಾಟಲಿಯ ಬಿರಡೆ ಕೀಳುವವನ ಹಾಗೆ ಎಳೆದ.

ಟಪ್ಪೆಂದು ಕೈಗೆ ಬಂದದ್ದು ಒಂದು ನಾನ್.

ದುಂಡಗಿತ್ತು. ಒಂದು ಬದಿ ಹಸಿ, ಇನ್ನೊಂದು ಬದಿ ಹದವಾಗಿ ಕೆಂಪಗೆ ಬೆಂದಿತ್ತು. ನಡುವೆ ಮೊಳೆಯಚ್ಚಿನ ಎಂಟೆಸಳಿನ ಹೂವು. ಆ ಹೂವನ್ನು ಕೇರಿಯ ಪ್ರತಿಯೊಂದು ಮನೆಯೂ ದಿನಾ ಬೆಳಿಗ್ಗೆ ಚಹಾದ ಜತೆ ಮುರಿದು ತಿನ್ನುತ್ತಿತ್ತು.

ಎಲ್ಲರೂ ನಿಧಾನವಾಗಿ ಸಬೋಹತ್ ಖಾಲಾಳ ಕಡೆ ತಿರುಗಿದರು.

“ಮಗು ಅಳ್ತಾ ಕೂತಿತ್ತು,” ಎಂದಳು ಖಾಲಾ, ಹನ್ನೊಂದು ಹಲ್ಲೂ ಹೊಳೆಯುವ ಹಾಗೆ ನಗುತ್ತ. “ಏನೋ ನನ್ನ ಕೈಲಾದದ್ದು.”

“ಅಚ್ಚು ಯಾಕೆ ಒತ್ತಿದ್ರಿ ಖಾಲಾ?” ಹಮ್ರೋಕುಲನ ದನಿ ಎಲ್ಲೋ ಪಾತಾಳದಿಂದ ಬಂತು.

“ಅಚ್ಚೊತ್ತದೆ ಹಿಟ್ಟು ಯಾರಾದ್ರೂ ಬೇಯೋಕಿಡ್ತಾರೇನೋ? ನಲವತ್ತು ವರ್ಷದ ಕೈ ಕಣೋ ಇದು!”

ದಿಲೋವರ್ ಗಂಟಲು ಸರಿಮಾಡಿಕೊಂಡು, ತುಂಬ ಹೊತ್ತು ಬರೆದು, ಬರೆದದ್ದನ್ನು ಓದಿದ. “ಇಂಜಿನ್ನು ಅತ್ಯುತ್ತಮ ಸ್ಥಿತಿಯಲ್ಲಿದೆ. ಹೊಗೆಕೊಳವೆಯಲ್ಲಿ ನಾನ್, ಒಂದು. ಮಾಲೀಕನ ಕಡೆಯವರ ಕೈವಾಡ. ಮೆಕ್ಯಾನಿಕ್ಕನ ಒಂದು ದಿನದ ಕೂಲಿ ಮಾಲೀಕನೇ ಭರಿಸತಕ್ಕದ್ದು.” ಕಾಗದ ಮುಂದೆ ಹಿಡಿದ. “ಸಹಿ ಮಾಡಿ ಅಣ್ಣ. ಬೇಜಾರು ಮಾಡ್ಕೋಬೇಡಿ. ಶೂರ್ಬಾ ತುಂಬ ಚೆನ್ನಾಗಿತ್ತು.”

ಹಮ್ರೋಕುಲ್ ಸಹಿ ಮಾಡಿದ. ಮನಸ್ಸಿನಲ್ಲೇ ಲೆಕ್ಕ ಹಾಕಿದ: ಎರಡು ಹಲ್ಲು. ಅಷ್ಟರಲ್ಲಿ ಪೇಟೆಯ ಕಡೆ ಹೋಗುವ ವ್ಯಾನೊಂದು ಬಂತು. ದಿಲೋವರ್ ಕೈ ಅಡ್ಡ ಹಿಡಿದು ಹತ್ತಿದ. ಕಿಟಕಿಯಿಂದ ತಲೆ ಹೊರಹಾಕಿ, “ಮಾರೋ ಯೋಚನೆ ಬಂದ್ರೆ ನನಗೆ ಹೇಳಿ!” ಎಂದು ಕೂಗಿದ. ವ್ಯಾನು ತಿರುವಿನಲ್ಲಿ ಮರೆಯಾಯಿತು. ಅಶೂರ್ ಅಮಾಕ್ ಕೈಗಡಿಯಾರ ನೋಡಿ, “ಆರೂ ಎರಡು,” ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ಮೂವರೂ ಕಾರು ಹತ್ತಿದರು. ಹಮ್ರೋಕುಲ್ ಕೀಲಿ ತಿರುಗಿಸಿದ. ಇಂಜಿನ್ನು ಚಾಲೂ ಆಯಿತು. ಕಾರು ಇಪ್ಪತ್ತು ಮಾರು ಏರಿತು.

ಮೂರು ಸಲ ಕೆಮ್ಮಿತು. ಒಂದು ಸಲ ನಡುಗಿತು. ನಡುರಸ್ತೆಯಲ್ಲಿ ನಿಂತಿತು.

ಮೊದಲ ಮಳೆಹನಿ ಗಾಜಿನ ಮೇಲೆ ಬಿತ್ತು. ಹಮ್ರೋಕುಲ್ ಸ್ಟೀರಿಂಗ್ ಹಿಡಿದ ಕೈ ಸಡಿಲಿಸದೆ, ನಿಧಾನವಾಗಿ, ಬಹಳ ನಿಧಾನವಾಗಿ ಹಿಂದಕ್ಕೆ ತಿರುಗಿ ನೋಡಿದ.

ಸಬೋಹತ್ ಖಾಲಾ ಎರಡೂ ಅಂಗೈ ಬಿಚ್ಚಿ ತೋರಿಸಿದಳು.

“ನಿನ್ನಾಣೆಗೂ ಈ ಸಲ ನಾನೇನೂ ಮಾಡಿಲ್ಲ ಕಣೋ!”